ಹಳೆಯ ಜೀಪಿನ ನಿರ್ವಾತನಾಳಗಳು

ಆಷಾಢದ ಮಳೆಯಲ್ಲಿ ಹಳೆಯ ವಿಲೀಸ್ ಜೀಪಿನಲ್ಲಿ ಕುಳಿತು ಆಗುಂಬೆಯನ್ನೋ ಚಾರ್ಮಾಡಿಯನ್ನೋ ಏರಿದ ಹಿರಿಯರು ಮಲೆನಾಡಿನಲ್ಲಿ ಇಂದಿಗೂ ಅಲ್ಲಲ್ಲಿ ಇದ್ದಾರೆ. ಅವರಲ್ಲಿ ಯಾರನ್ನಾದರೂ ಆ ವಾಹನದ ವೈಪರಿನ ವಿಷಯವಾಗಿ ವಿಚಾರಿಸಿದರೆ ಮೊದಲು ನಕ್ಕು ಅನಂತರ ಮಾತಿಗೆ ತೊಡಗುವರು. ಕಡಿದಾದ ಏರು ಎದುರಾಗಿ ಚಾಲಕನು ಆಕ್ಸಿಲರೇಟರನ್ನು ಪೂರ್ಣವಾಗಿ ಅದುಮಿದೊಡನೆಯೇ, ಅದುವರೆಗೆ ಲವಲವಿಕೆಯಿಂದ ಗಾಜನ್ನು ಒರೆಸುತ್ತಿದ್ದ ಆ ಕಡ್ಡಿಯು ಮಂದಗತಿಗೆ ಇಳಿದು, ಕಡೆಗೆ ಗಾಜಿನ ನಟ್ಟನಡುವೆ ನಿಂತುಬಿಡುತ್ತಿತ್ತು. ತಿರುವಿನಲ್ಲಿ ಕಾಲನ್ನು ಸಡಿಲಿಸಿದರೆ ಹೋದ ಜೀವ ಬಂದಂತೆ ಮತ್ತೆ ಪಟಪಟನೆ ಓಡುತ್ತಿತ್ತು. ದಾರಿ ಕಾಣಲೇಬೇಕಾದ ವೇಳೆಯಲ್ಲಿ ಕೈಕೊಡುತ್ತಿದ್ದ ಈ ವರ್ತನೆಗೆ ಯಾವ ಬಿಡಿಭಾಗವೂ ಕೆಟ್ಟಿರಬೇಕಾಗಿರಲಿಲ್ಲ. ಆ ವೈಪರಿಗೆ ವಿದ್ಯುತ್ತಿನ ಮೋಟಾರು ಇರಲಿಲ್ಲ; ಎಂಜಿನ್ನಿನ ಉಸಿರಾಟದಿಂದ ಹುಟ್ಟುವ ನಿರ್ವಾತವೇ ಒಂದು ರಬ್ಬರು ಕೊಳವೆಯ ಮೂಲಕ ಬಂದು ಅದನ್ನು ಆಡಿಸುತ್ತಿತ್ತು; ಆ ನಿರ್ವಾತವಾದರೋ ಎಂಜಿನ್ನು ಅತ್ಯಂತ ಶ್ರಮಪಡುವ ಗಳಿಗೆಯಲ್ಲಿಯೇ ಬತ್ತಿಹೋಗುವ ಸ್ವಭಾವದ್ದು.

ಈ ಸ್ವಭಾವದ ಕಾರಣ ಸರಳವಾದುದು. ಪೆಟ್ರೋಲ್ ಎಂಜಿನ್ನಿನ ಪಿಸ್ಟನ್ನು ಕೆಳಗಿಳಿಯುವಾಗಲೆಲ್ಲ ಮ್ಯಾನಿಫೋಲ್ಡೆಂಬ ಕವಲುಕೊಳವೆಯಿಂದ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಗಾಳಿ ಒಳಬರುವ ದ್ವಾರದಲ್ಲಿ ಕಾರ್ಬ್ಯುರೇಟರಿನ ಥ್ರಾಟಲ್ ತಟ್ಟೆಯು ಅಡ್ಡವಾಗಿ ನಿಂತಿರುತ್ತದೆ. ಚಾಲಕನ ಕಾಲು ಆಕ್ಸಿಲರೇಟರಿನ ಮೇಲಿಲ್ಲದಾಗ ಆ ತಟ್ಟೆ ಬಹುಮಟ್ಟಿಗೆ ಮುಚ್ಚಿಕೊಂಡಿರುವುದರಿಂದ, ಒಳಗೆ ಸೆಳೆತ ಮುಂದುವರಿದರೂ ಹೊರಗಿನ ಗಾಳಿ ಬೇಕಾದಷ್ಟು ಬರಲಾರದೆ, ಮ್ಯಾನಿಫೋಲ್ಡಿನ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಬಹಳ ಕೆಳಗಿಳಿಯುತ್ತದೆ. ವಾಯುಮಂಡಲವು ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್, ಎಂದರೆ ಸುಮಾರು 30 ಅಂಗುಲ, ಪಾದರಸದ ಕಂಬವನ್ನು ಎತ್ತಿ ನಿಲ್ಲಿಸುವುದೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವಷ್ಟೆ; ಅದೇ ಪಾದರಸದ ಅಂಗುಲಗಳಲ್ಲಿ ಮೆಕ್ಯಾನಿಕ್ಕಿನ ವ್ಯಾಕ್ಯೂಮ್ ಗೇಜು ಈ ಕೊರತೆಯನ್ನು ಅಳೆಯುತ್ತದೆ. ಆರೋಗ್ಯವಾಗಿರುವ ಎಂಜಿನ್ನು ಐಡ್ಲಿಂಗಿನಲ್ಲಿದ್ದಾಗ ಗೇಜಿನ ಮುಳ್ಳು 17ರಿಂದ 21ರ ನಡುವೆ ಅಲುಗಾಡದೆ ನಿಲ್ಲಬೇಕು. ಆಕ್ಸಿಲರೇಟರನ್ನು ಪೂರ್ಣ ಒತ್ತಿದರೆ ತಟ್ಟೆ ತೆರೆದು, ಮುಳ್ಳು ಸೊನ್ನೆಯ ಬಳಿಗೆ ಬೀಳಬೇಕು. ವೈಪರು ಏರಿನಲ್ಲಿ ನಿಲ್ಲುತ್ತಿದ್ದುದು ಇದರಿಂದಲೇ.

ವಿದೇಶದ ಕೈಪಿಡಿಗಳಲ್ಲಿ ಅಚ್ಚಾಗಿರುವ ಈ ಅಂಕೆಗಳನ್ನು ನಮ್ಮ ಗುಡ್ಡಗಾಡಿಗೆ ತಂದು ಹಾಗೆಯೇ ಪ್ರಯೋಗಿಸುವುದು ಮಾತ್ರ ತರವಲ್ಲ. ಎತ್ತರವು ಪ್ರತಿ ಸಾವಿರ ಅಡಿ ಹೆಚ್ಚಿದಂತೆಲ್ಲ ಗೇಜಿನ ಓದು ಸುಮಾರು ಒಂದು ಅಂಗುಲ ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 18 ತೋರಿಸಿದ ಗಾಡಿಯೇ ಮಡಿಕೇರಿಯನ್ನು ತಲಪುವ ವೇಳೆಗೆ 14ರ ಆಸುಪಾಸಿನಲ್ಲಿ ನಿಂತರೆ ಎಂಜಿನ್ನು ಸೊರಗಿತೆಂದು ಭಾವಿಸಿ ಅದನ್ನು ಬಿಚ್ಚುವುದಕ್ಕೆ ಹೊರಡಬಾರದು. ಬೆಂಗಳೂರು ಸುಮಾರು ಮೂರು ಸಾವಿರ ಅಡಿಯ ಮೇಲಿರುವುದರಿಂದ ಅಲ್ಲಿಯೂ ಮೂರು ಅಂಗುಲವನ್ನು ಕಳೆದೇ ಲೆಕ್ಕ ಹಾಕತಕ್ಕದ್ದು.

ಇಂಧನದ ಪ್ರತ್ಯೇಕ ವೆಚ್ಚವಿಲ್ಲದೆ, ಬೇರೊಂದು ಯಂತ್ರದ ಹಂಗಿಲ್ಲದೆ ಸಿಗುವ ಈ ಬಲವನ್ನು ಎಂಜಿನಿಯರುಗಳು ಬಿಟ್ಟಾರೆಯೆ? ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ಒಂದು ಪುಟ್ಟ ತಗಡಿನ ಡಬ್ಬಿಯನ್ನು ಕೂರಿಸಿ, ಅದರೊಳಗಿನ ರಬ್ಬರು ಪೊರೆಯನ್ನು ನಿರ್ವಾತದಿಂದ ಎಳೆಯಿಸಿ, ಗಾಡಿ ಹಗುರವಾಗಿ ಓಡುವಾಗ ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಹಾರಿಸುವ ಏರ್ಪಾಡು ಬಂದಿತು. 1927ರಲ್ಲಿ ಬೆಲ್ಜಿಯಂ ದೇಶದ ಆಲ್ಬರ್ಟ್ ದೆವಾಂದ್ರ ಎಂಬ ಎಂಜಿನಿಯರನು ಬ್ರೇಕಿಗೆ ನಿರ್ವಾತದ ನೆರವು ಕೊಡುವ ಸಾಧನವನ್ನು ರೂಪಿಸಿದನು. ಆದರೆ ಬಾನೆಟ್ಟಿನ ಕೆಳಗೆ ಕೊಳವೆಗಳು ಬಳ್ಳಿಯಂತೆ ಹಬ್ಬಿದುದು 1970ರ ದಶಕದಲ್ಲಿ. ಅಮೆರಿಕದಲ್ಲಿ 1970ರ ವಾಯುಶುದ್ಧಿ ಶಾಸನವು ಹೊಗೆಯ ಮೇಲೆ ಕಠಿನ ನಿರ್ಬಂಧಗಳನ್ನು ಹೇರಿದುದೇ ಅದಕ್ಕೆ ಕಾರಣ. ಎಂಜಿನ್ನು ತಣ್ಣಗಿರುವಾಗ ಒಂದು ಕವಾಟ ಮುಚ್ಚಬೇಕು, ಬಿಸಿಯಾದ ಮೇಲೆ ತೆರೆಯಬೇಕು, ವೇಗ ಹೆಚ್ಚಿದಾಗ ಸುಟ್ಟ ಅನಿಲದ ಒಂದಂಶವನ್ನು ಮತ್ತೆ ಒಳಕ್ಕೆ ಬಿಡಬೇಕು, ನಿಂತಾಗ ಬಿಡಬಾರದು—ಇಂಥ ನೂರು ವಿಧಿನಿಷೇಧಗಳನ್ನು ಇಂದು ಒಂದು ಗಣಕವು ನಿರ್ವಹಿಸುತ್ತದೆ. ಅಂದು ಅವುಗಳನ್ನೆಲ್ಲ ರಬ್ಬರು ಕೊಳವೆ, ಪ್ಲಾಸ್ಟಿಕ್ ಕವಾಟ, ಶಾಖಕ್ಕೆ ತೆರೆಯುವ ಸ್ವಿಚ್ಚುಗಳೇ ನಡೆಸಬೇಕಾಗಿತ್ತು. 1980ರ ದಶಕದ ಅಮೆರಿಕದ ಸಿಜೆ ಜೀಪುಗಳ 4.2 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನ ಮೇಲೆ ಹೆಣೆದಿರುವ ಜಾಲವನ್ನು ಕಂಡು ಅನುಭವಸ್ಥ ಮೆಕ್ಯಾನಿಕ್ಕುಗಳೇ ಕೈಕಟ್ಟಿ ನಿಂತದ್ದುಂಟು. ಭಾರತದಲ್ಲಿ ಪೆಟ್ರೋಲ್ ವಾಹನಗಳ ಹೊಗೆಯ ಒಟ್ಟು ಪ್ರಮಾಣಕ್ಕೆ ಮಿತಿ ಬಂದದ್ದು 1991ರಲ್ಲಿ. ಹೀಗಾಗಿ 1985ರಲ್ಲಿ 970 ಸಿಸಿ ಎಂಜಿನ್ನಿನೊಡನೆ ಹೊರಬಂದ ಮಾರುತಿ ಜಿಪ್ಸಿಯಂಥ ವಾಹನವು ಈ ವಿಷಯದಲ್ಲಿ ಬಡವ, ಆದರೆ ಸುಖಿ.

ಡೀಸೆಲ್ ಗಾಡಿಗಳ ಮಾತು ಬೇರೆ. ಅವುಗಳಿಗೆ ಸಾಮಾನ್ಯವಾಗಿ ಥ್ರಾಟಲ್ ತಟ್ಟೆಯೇ ಇಲ್ಲದಿರುವುದರಿಂದ ಮ್ಯಾನಿಫೋಲ್ಡಿನಲ್ಲಿ ನಿರ್ವಾತವೂ ಹುಟ್ಟದು. ಬ್ರೇಕಿಗಾಗಿ ಬೇರೊಂದು ಪಂಪನ್ನು, ಬಹುಮಟ್ಟಿಗೆ ಆಲ್ಟರ್ನೇಟರಿನ ಬೆನ್ನಿಗೆ ಅಂಟಿಸಿ, ಅದೇ ದಂಡದಿಂದ ತಿರುಗಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಓಡಾಡುವ ಮಹೀಂದ್ರಾ ಡೀಸೆಲ್ ಜೀಪುಗಳಲ್ಲಿ ಇದನ್ನು ಕಾಣಬಹುದು. ಆ ಪಂಪಿಗೆ ಎಂಜಿನ್ ಆಯಿಲಿನ ಸಣ್ಣದೊಂದು ಪೈಪು ಹೋಗುತ್ತದೆ; ಬ್ರೇಕಿನ ಹೋಸನ್ನು ಬಿಚ್ಚಿದಾಗ ಒಳಗೆ ಕಪ್ಪು ಎಣ್ಣೆ ಜಿನುಗುತ್ತಿದ್ದರೆ ದೋಷವನ್ನು ಹುಡುಕಬೇಕಾದ ದಿಕ್ಕು ಪಂಪು. ಹಳೆಯ ಟೊಯೋಟಾ ಲ್ಯಾಂಡ್ ಕ್ರೂಸರಿನ ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಇನ್ನೂ ಒಂದು ವೈಚಿತ್ರ್ಯವುಂಟು: ಇಂಧನದ ಪಂಪಿನ ವೇಗನಿಯಂತ್ರಕವೇ ನಿರ್ವಾತದ ಅಧೀನ. ನಿರ್ವಾತವು ಪೊರೆಯನ್ನು ಎಳೆದರೆ ಡೀಸೆಲ್ ಕಡಿಮೆಯಾಗುವುದು. ಆ ನಾಳ ಸೀಳಿದರೆ ಎಳೆಯುವವರಿಲ್ಲದೆ ಸ್ಪ್ರಿಂಗು ತನ್ನ ಇಚ್ಛೆಯಂತೆ ಡೀಸೆಲನ್ನು ತಳ್ಳಿ, ಎಂಜಿನ್ನು ಹಿಡಿತಕ್ಕೆ ಸಿಗದೆ ರೇಸ್ ಆಗುವುದು. ಕೆಲವೇ ರೂಪಾಯಿಯ ರಬ್ಬರು ಒಂದು ಎಂಜಿನ್ನನ್ನೇ ಬಲಿತೆಗೆದುಕೊಳ್ಳಬಲ್ಲದು.

ನಿರ್ವಾತನಾಳದ ದೋಷವು ಎಂದೂ ತನ್ನ ಹೆಸರಿನಿಂದ ಪ್ರಕಟವಾಗುವುದಿಲ್ಲವೆಂಬುದೇ ಈ ವಿಷಯದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದುದು. ನೀರು ಸೋರಿದರೆ ನೆಲ ಒದ್ದೆಯಾಗುವುದು, ಪೆಟ್ರೋಲ್ ಸೋರಿದರೆ ವಾಸನೆ ಬರುವುದು. ಇಲ್ಲಿ ಸೋರುವುದು ಹೊರಕ್ಕಲ್ಲ, ಒಳಕ್ಕೆ. ಸೀಳಿದ ಕೊಳವೆಯಿಂದ ಎಳನೀರು ಕುಡಿಯುವವನಿಗೆ ಬಾಯಿಗೆ ಬರಿಯ ಗಾಳಿ ಬರುವಂತೆ, ಲೆಕ್ಕಕ್ಕೆ ಸಿಗದ ಗಾಳಿ ಮ್ಯಾನಿಫೋಲ್ಡಿಗೆ ನುಗ್ಗಿ ಪೆಟ್ರೋಲಿನ ಮಿಶ್ರಣವನ್ನು ತೆಳುವಾಗಿಸುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ನಿಗೆ ಬೇಕಾದ ಗಾಳಿಯೇ ಸ್ವಲ್ಪವಾದುದರಿಂದ ಆಗ ಈ ಕಳ್ಳಗಾಳಿಯ ಪಾಲು ದೊಡ್ಡದು. ವೇಗದಲ್ಲಿ ಓಡುವಾಗ ಗಾಳಿಯ ಪ್ರವಾಹದಲ್ಲಿ ಅದು ಮುಳುಗಿಹೋಗುವುದು. ಆದುದರಿಂದಲೇ ಹೆದ್ದಾರಿಯಲ್ಲಿ ಸೊಗಸಾಗಿ ಓಡಿದ ಗಾಡಿ ಊರಿನ ಸಿಗ್ನಲ್ಲಿಗೆ ಬಂದು ನಿಂತೊಡನೆ ನಡುಗುತ್ತದೆ, ಏರಿಳಿಯುತ್ತದೆ, ನಿಂತುಹೋಗುತ್ತದೆ. ಅಪವಾದವೆಲ್ಲ ಕಾರ್ಬ್ಯುರೇಟರಿನ ತಲೆಗೆ ಬೀಳುತ್ತದೆ.

“ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ಕ್ಲೀನ್ ಮಾಡ್ಸಿದೀನಿ ಮೇಸ್ತ್ರೀ, ಆದ್ರೂ ಐಡ್ಲಿಂಗ್ ನಿಲ್ತಾ ಇಲ್ಲ” ಎಂದು ತೋಟದ ಯಜಮಾನರು ದೂರಿಕೊಂಡರೆ, ಪಳಗಿದ ಮೇಸ್ತ್ರಿಯು ಬಾನೆಟ್ಟಿಗೆ ಕಿವಿಯೊಡ್ಡಿ, “ಕಾರ್ಬ್ಯುರೇಟರ್ ಪಾಪ ಏನ್ ಮಾಡತ್ತೆ ಸ್ವಾಮಿ? ಎಲ್ಲೋ ಏರ್ ಎಳೀತಾ ಇದೆ, ಬಿಡಿ ಹುಡುಕಾಣ” ಎನ್ನುವನು. ಹುಡುಕುವುದೆಂಬ ಆ ಮಾತಿನಲ್ಲಿಯೇ ಕೆಲಸದ ಮುಕ್ಕಾಲು ಪಾಲು ಅಡಗಿದೆ. ದುರಸ್ತಿಯೆಂಬುದು ಉಳಿದ ಕಾಲು ಪಾಲು.

ಮೊದಲನೆಯ ಉಪಕರಣ ಕಾಗದ ಮತ್ತು ಸೀಸದ ಕಡ್ಡಿ. 1980ರ ದಶಕದ ಅನೇಕ ಅಮೆರಿಕನ್ ಮತ್ತು ಜಪಾನಿ ವಾಹನಗಳ ಬಾನೆಟ್ಟಿನ ಒಳಮೈಗೆ ನಾಳಗಳ ನಕ್ಷೆಯೊಂದನ್ನು ಅಂಟಿಸಿರುತ್ತಿದ್ದರು. ಅದು ಉಳಿದಿದ್ದರೆ ಭಾಗ್ಯ. ಇಲ್ಲವಾದರೆ ಮ್ಯಾನಿಫೋಲ್ಡಿನಿಂದ ಆರಂಭಿಸಿ, ಪ್ರತಿಯೊಂದು ನಿಪ್ಪಲ್ಲಿನಿಂದ ಹೊರಟ ಕೊಳವೆ ಯಾವ ಟೀಯಲ್ಲಿ ಕವಲೊಡೆದು, ಯಾವ ಕವಾಟವನ್ನು ಹಾದು, ಯಾವ ಡಬ್ಬಿಯಲ್ಲಿ ಕೊನೆಗೊಳ್ಳುವುದೆಂಬುದನ್ನು ಬರೆದುಕೊಂಡು, ಎರಡೂ ತುದಿಗೆ ಕಾಗದದ ಟೇಪನ್ನು ಸುತ್ತಿ ಅಂಕೆ ಹಾಕಬೇಕು. ಒಂದನ್ನು ಮತ್ತೆ ಸ್ವಸ್ಥಾನದಲ್ಲಿ ಕೂರಿಸದೆ ಇನ್ನೊಂದನ್ನು ಕೀಳಕೂಡದು. ಹಿಂದಿನ ಮಾಲಿಕರ ಕಾಲದಲ್ಲಿ ಯಾರೋ ಒಂದು ನಾಳವನ್ನು ಬೋಲ್ಟು ತುರುಕಿ ಮುಚ್ಚಿರುವುದು, ಮತ್ತೊಂದನ್ನು ತಮಗೆ ತೋಚಿದ ಕಡೆ ಸಿಕ್ಕಿಸಿರುವುದು ಈ ಹಂತದಲ್ಲಿಯೇ ಬೆಳಕಿಗೆ ಬರುವುದುಂಟು. ನಲವತ್ತು ವರ್ಷದ ಗಾಡಿಯ ಚರಿತ್ರೆಯನ್ನು ಅದರ ನೋಂದಣಿ ಪುಸ್ತಕಕ್ಕಿಂತ ಈ ಕೊಳವೆಗಳು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತವೆ.

ಕಣ್ಣು ಮತ್ತು ಬೆರಳು ಹೋಗಬೇಕಾದ ಸ್ಥಳಗಳೂ ಬಹುಮಟ್ಟಿಗೆ ನಿಶ್ಚಿತವಾದುವು. ಸೈಲೆನ್ಸರಿನ ಬಿಸಿ ತಾಗುವ ಕಡೆ ರಬ್ಬರು ಒಣಗಿ ಗಡುಸಾಗುತ್ತದೆ. ಬ್ಯಾಟರಿಯ ಕೆಳಗೆ ಆಸಿಡ್ಡಿನಿಂದ ಜೀರ್ಣವಾಗುತ್ತದೆ. ಕಾಫಿತೋಟದ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಬೇಕು. ನಿಪ್ಪಲ್ಲಿನ ಮೇಲೆ ಕುಳಿತ ಅಂಗುಲದಷ್ಟು ತುದಿಭಾಗವು ಸುಮ್ಮನೆ ನೋಡಿದರೆ ನಯವಾಗಿ, ಹೊಳಪಾಗಿ, ನಿರ್ದೋಷವಾಗಿ ತೋರುವುದು; ಅದನ್ನು ಹೆಬ್ಬೆರಳಿನಿಂದ ಒಂದಿಷ್ಟು ಬಾಗಿಸಿದೊಡನೆ ಹೊರಬಾಗಿನಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಬಾಯಿ ತೆರೆಯುವುವು, ಕೆಲವು ಒಳಗಿನ ಕಪ್ಪು ಕಾಣುವಷ್ಟು ಆಳ. ನೋಡಿ ತೀರ್ಮಾನಿಸಿದವನು ಮೋಸಹೋಗುವುದು ಇಲ್ಲಿಯೇ.

ಎಂಜಿನ್ನು ಓಡುತ್ತಿರುವಾಗ, ರಬ್ಬರಿಗೆ ಗಾಯವಾಗದಂತೆ ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದೇ ಕೊಳವೆಯನ್ನು ಮೂಲದ ಬಳಿ ಹಿಸುಕಿ ಹಿಡಿಯುವುದು ಹಳೆಯ, ಆದರೆ ನಂಬತಕ್ಕ ಉಪಾಯ. ಯಾವ ಕೊಳವೆಯನ್ನು ಹಿಸುಕಿದಾಗ ಎಂಜಿನ್ನಿನ ಧ್ವನಿ ಸಮಗೊಳ್ಳುವುದೋ ಆ ಕವಲಿನಲ್ಲಿ, ಇಕ್ಕಳದಿಂದ ಆಚೆಗೆ, ಸೋರಿಕೆಯಿದೆ. ಎರಡು ಅಡಿ ಉದ್ದದ ರಬ್ಬರು ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಸಂದುಗೊಂದುಗಳಲ್ಲಿ ಆಡಿಸಿದರೆ ‘ಸುಸ್’ ಎಂಬ ಸದ್ದು ತಾನಿರುವ ಸ್ಥಳವನ್ನು ಬಿಟ್ಟುಕೊಡುತ್ತದೆ. ಕೆಲವರು ಸಂಶಯದ ಜಾಗಕ್ಕೆ ಕಾರ್ಬ್ಯುರೇಟರ್ ಕ್ಲೀನರನ್ನೋ ಪೆಟ್ರೋಲನ್ನೋ ಚಿಮುಕಿಸಿ, ಎಂಜಿನ್ನಿನ ವೇಗ ಬದಲಾಗುವುದನ್ನು ನೋಡುತ್ತಾರೆ. ಕಾದ ಲೋಹದ ಮೇಲೆ ಬೆಂಕಿಯೊಡನೆ ಆಡುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಚಿಕ್ಕ ಸೋರಿಕೆಗೆ ಸ್ಪ್ರೇ ಬಾಟಲಿಯ ನೀರೇ ಸಾಕು. ನೀರು ಬಿರುಕನ್ನು ಒಂದು ಕ್ಷಣ ಮುಚ್ಚಿದಾಗ ಸದ್ದು ಬದಲಾಗುತ್ತದೆ. ಗೇಜಿರುವ ಕೈಪಂಪೊಂದಿದ್ದರೆ ಇನ್ನೂ ಮೇಲು: ಎಂಜಿನ್ನನ್ನು ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಡಬ್ಬಿಗೆ ಜೋಡಿಸಿ 15 ಅಂಗುಲದಷ್ಟು ಎಳೆದು ಕಾದರೆ, ಪೊರೆ ಗಟ್ಟಿಯಾಗಿದ್ದಲ್ಲಿ ಮುಳ್ಳು ಕದಲದು, ಹರಿದಿದ್ದಲ್ಲಿ ಕಣ್ಣೆದುರಿಗೇ ಜಾರುವುದು.

ನಾಲ್ಕು ಚಕ್ರದ ಚಾಲನೆಯನ್ನೇ ನಿರ್ವಾತದ ಕೈಗೊಪ್ಪಿಸಿದ ಉದಾಹರಣೆಯೆಂದರೆ 1987ರಿಂದ 1995ರವರೆಗೆ ಅಮೆರಿಕದಲ್ಲಿ ಮಾರಾಟವಾದ ವೈಜೆ ಮಾದರಿಯ ರ‍್ಯಾಂಗ್ಲರ್ ಜೀಪು. ನಮ್ಮ ಕಡೆಯ ಎಷ್ಟೋ ಜೀಪುಗಳಲ್ಲಿ ಕೆಸರಿಗೆ ಇಳಿದು ಮುಂದಿನ ಚಕ್ರದ ಹಬ್ಬನ್ನು ಕೈಯಿಂದ ತಿರುಗಿಸಬೇಕು. ಆ ತೊಂದರೆ ಬೇಡವೆಂದು ಅಲ್ಲಿ ಮುಂದಿನ ಆಕ್ಸಲ್ಲಿನ ಬಲಗಡೆಯ ದಂಡವನ್ನು ಎರಡು ತುಂಡಾಗಿ ಮಾಡಿ, ನಡುವೆ ಜಾರುವ ಬಳೆಯೊಂದನ್ನಿಟ್ಟು, ಅದನ್ನು ಸರಿಸುವುದಕ್ಕೆ ಒಂದು ಪೊರೆಯ ಡಬ್ಬಿಯನ್ನು ಕೂರಿಸಿದರು. ಚಾಲಕನು ಒಳಗೆ ಕುಳಿತು ಲಿವರನ್ನು ಎಳೆದಾಗ ಟ್ರಾನ್ಸ್‌ಫರ್ ಗೇರುಪೆಟ್ಟಿಗೆಯ ಮೇಲಿನ ಸ್ವಿಚ್ಚು ನಿರ್ವಾತವನ್ನು ಪೊರೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತಿರುಗಿಸುವುದು. ಬಳೆ ಜಾರಿ ಎರಡು ತುಂಡನ್ನೂ ಒಂದುಗೂಡಿಸುವುದು. ನಾಳ ಸೀಳಿದ್ದರೆ ಆಗುವ ಅವಸ್ಥೆ ನೋಡತಕ್ಕದ್ದು. ಲಿವರು ಸರಿಯಾದ ಸ್ಥಾನಕ್ಕೆ ಬಂದಿರುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟೂ ತಿರುಗುತ್ತಿರುತ್ತದೆ, ಆದರೂ ಮುಂದಿನ ಎರಡು ಚಕ್ರಗಳು ಕೆಸರಿನಲ್ಲಿ ಅನಾಥವಾಗಿ ನಿಂತಿರುತ್ತವೆ; ಏಕೆಂದರೆ ಡಿಫರೆನ್ಷಿಯಲ್ಲಿನ ಶಕ್ತಿಯೆಲ್ಲ ಯಾವ ಚಕ್ರಕ್ಕೂ ಸೇರದ ಆ ತುಂಡುದಂಡವನ್ನು ವ್ಯರ್ಥವಾಗಿ ಸುತ್ತಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಕಾಡಿನ ನಡುವೆ ಸಿಕ್ಕಿಬಿದ್ದ ಬಲ್ಲವರು ಡಬ್ಬಿಯನ್ನು ಬಿಚ್ಚಿ, ಬಳೆಯನ್ನು ಕೈಯಿಂದಲೇ ಕೂಡಿಕೆಯ ಕಡೆಗೆ ಸರಿಸಿ, ಜಾರದಂತೆ ಬಿಗಿದು ಊರು ಸೇರುತ್ತಾರೆ. ಇದರಿಂದ ಬೇಸತ್ತವರು ನಿರ್ವಾತವನ್ನೇ ತೊರೆದು ತಂತಿಯ ಕೇಬಲ್ ಹಾಕಿಸುವುದೂ ಉಂಟು. ಅದೇ ಕಾಲದ ಚೆರೋಕಿ ಜೀಪಿನಲ್ಲಿ ನಿರ್ವಾತವನ್ನು ಸಂಗ್ರಹಿಸಿಡುವ ಪ್ಲಾಸ್ಟಿಕ್ ಗೋಳವನ್ನು ಮುಂದಿನ ಬಂಪರಿನ ಹಿಂದೆ ಅಡಗಿಸಿದ್ದಾರೆ. ಬಂಪರಿಗೆ ಸಣ್ಣದೊಂದು ಪೆಟ್ಟು ಬಿದ್ದು ಅದು ಒಡೆದರೆ, ಏಸಿಯ ಗಾಳಿ ಮುಖಕ್ಕೆ ಬರುವುದನ್ನು ಬಿಟ್ಟು ಮುಂದಿನ ಗಾಜಿಗೆ ಬೀಸತೊಡಗುತ್ತದೆ. ಏಸಿ ಮೆಕ್ಯಾನಿಕ್ಕಿಗೆ ಬಂಪರನ್ನು ಪರೀಕ್ಷಿಸುವ ಬುದ್ಧಿ ಹೇಗೆ ಬಂದೀತು?

ದುರಸ್ತಿಯ ಕ್ರಮವು ಹೆಚ್ಚು ವಿವರಣೆಯನ್ನು ಬೇಡದು. ತುದಿ ಮಾತ್ರ ಸೀಳಿದ್ದು ಉದ್ದ ಸಾಕಷ್ಟಿದ್ದರೆ ಅಂಗುಲದಷ್ಟು ಕತ್ತರಿಸಿ ಮತ್ತೆ ಸಿಕ್ಕಿಸಬಹುದು. ಆದರೆ ಒಂದು ತುದಿ ಸೀಳಿದ ಕೊಳವೆಯ ಉಳಿದ ದೇಹವೂ ಅದೇ ವಯಸ್ಸಿನದೆಂಬುದನ್ನು ನೆನೆದು, ಎಲ್ಲವನ್ನೂ ಹೊಸದಾಗಿ ಹಾಕಿಸುವುದೇ ಲೇಸು. ಟೇಪು ಸುತ್ತುವುದು ಮನೆ ಸೇರುವವರೆಗಿನ ಉಪಾಯವಷ್ಟೆ. ನೀರಿನ ಪೈಪಿನ ತುಂಡು ಅಳತೆಗೆ ಹೊಂದಿತೆಂದು ತುರುಕಿದರೆ ಅದು ಒಳಗಿನ ಸೆಳೆತಕ್ಕೆ ಚಪ್ಪಟೆಯಾಗಿ ತಾನೇ ಮುಚ್ಚಿಕೊಳ್ಳುವುದು. ಗೋಡೆ ದಪ್ಪವಾಗಿರುವ, ವ್ಯಾಕ್ಯೂಮಿಗೆಂದೇ ಮಾಡಿದ ಹೋಸೇ ಆಗಬೇಕು. ಬಣ್ಣಬಣ್ಣದ ಸಿಲಿಕೋನ್ ಕೊಳವೆಗಳು ಬಿಸಿಯನ್ನು ಚೆನ್ನಾಗಿ ತಡೆಯುವುವಾದರೂ, ಪೆಟ್ರೋಲಿನ ಆವಿ ಹಾಯುವ ಕಡೆ ಉಬ್ಬಿ ಮೆತ್ತಗಾಗುವುವು. ಅಲ್ಲಿ ಅವುಗಳ ಮೋಹ ಬೇಡ. ಪೆಡಸಾದ ಪ್ಲಾಸ್ಟಿಕ್ ಟೀಗಳನ್ನೂ ಜೊತೆಯಲ್ಲಿಯೇ ಬದಲಾಯಿಸುವುದು ಒಳ್ಳೆಯದು. ಹಳೆಯವು ಹೊಸ ಹೋಸನ್ನು ಒತ್ತುವಾಗಲೇ ಮುರಿಯುತ್ತವೆ.

ಬ್ರೇಕಿನ ನಾಳದ ವಿಷಯದಲ್ಲಿ ಮಾತ್ರ ಈ ಉದಾರತೆ ಸಲ್ಲದು. ಬೂಸ್ಟರೆಂಬ ದುಂಡನೆಯ ಡಬ್ಬಿಯಲ್ಲಿ ಪೊರೆಯ ಎರಡೂ ಕಡೆ ನಿರ್ವಾತವಿರುತ್ತದೆ. ಪೆಡಲನ್ನು ಒತ್ತಿದಾಗ ಚಾಲಕನ ಕಡೆಗೆ ಹೊರಗಿನ ಗಾಳಿ ನುಗ್ಗಿ ಪೊರೆಯನ್ನು ಮುಂದಕ್ಕೆ ತಳ್ಳುತ್ತದೆ. ಒಂಬತ್ತು ಅಂಗುಲ ವ್ಯಾಸದ ಪೊರೆಯ ಮೇಲೆ 18 ಅಂಗುಲದ ನಿರ್ವಾತದಲ್ಲಿ ಬೀಳುವ ಬಲವು, ಸ್ಥೂಲವಾಗಿ ಎಣಿಸಿದರೆ, 250 ಕಿಲೋಗ್ರಾಂ ಭಾರಕ್ಕೆ ಸಮ. ಮಡಿಕೇರಿಯ 14 ಅಂಗುಲದಲ್ಲಿ ಅದೇ ಬಲ 200 ಕಿಲೋಗ್ರಾಮಿಗೆ ಇಳಿಯುವುದು. ಈ ನೆರವು ತಪ್ಪಿದ ದಿನ ಬ್ರೇಕು ಇಲ್ಲವಾಗುವುದಿಲ್ಲ. ಆದರೆ ಪೆಡಲು ಕಲ್ಲಾಗುತ್ತದೆ, ಗಾಡಿಯನ್ನು ನಿಲ್ಲಿಸುವುದಕ್ಕೆ ಕಾಲಿನ ಬಲವೊಂದೇ ಗತಿಯಾಗುತ್ತದೆ. ನಾಳದಲ್ಲಿಯೋ ಬೂಸ್ಟರಿನ ಬಾಯಿಯಲ್ಲಿಯೋ ಕೂತಿರುವ ಎನ್‌ಆರ್‌ವಿ ಎಂಬ ಒಮ್ಮುಖ ಕವಾಟವು ಎಂಜಿನ್ನು ನಿಂತ ಮೇಲೂ ಒಂದೆರಡು ಸಲದ ಬ್ರೇಕಿಗೆ ಆಗುವಷ್ಟು ನಿರ್ವಾತವನ್ನು ಹಿಡಿದಿಟ್ಟಿರುತ್ತದೆ, ಅಷ್ಟೆ. ಡೀಸೆಲ್ ಉಳಿಸುವ ಆಸೆಯಿಂದ ಘಾಟಿಯ ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿ ಎಂಜಿನ್ ಆಫ್ ಮಾಡಿ ಜಾರುವ ಅಭ್ಯಾಸವು ನಮ್ಮಲ್ಲಿ ಇನ್ನೂ ಇರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ: ಮೂರನೆಯ ತಿರುವಿನಲ್ಲಿ ಪೆಡಲು ಕಾಲಿಗೆ ಮಣಿಯದು.

ಇದರ ಪರೀಕ್ಷೆಗೆ ಉಪಕರಣವೇ ಬೇಡ. ಎಂಜಿನ್ನನ್ನು ನಿಲ್ಲಿಸಿ, ಪೆಡಲು ಗಡುಸಾಗುವವರೆಗೆ ನಾಲ್ಕೈದು ಸಲ ಒತ್ತಿ, ಅದನ್ನು ಒತ್ತಿಹಿಡಿದಂತೆಯೇ ಎಂಜಿನ್ನನ್ನು ಸ್ಟಾರ್ಟ್ ಮಾಡಬೇಕು. ಬೂಸ್ಟರು ಸರಿಯಾಗಿದ್ದರೆ ಪೆಡಲು ಕಾಲಿನ ಕೆಳಗೆ ತಾನಾಗಿ ಒಂದಿಷ್ಟು ಇಳಿಯುವುದು. ಇಳಿಯದಿದ್ದರೆ ನಾಳ, ಕವಾಟ, ಪೊರೆ ಈ ಮೂರರಲ್ಲಿ ಒಂದು ಕೆಟ್ಟಿದೆ. ಪೆಡಲು ಒತ್ತಿದಾಗಲೆಲ್ಲ ಐಡ್ಲಿಂಗು ಏರುಪೇರಾಗುತ್ತಿದ್ದರೆ ಸಂಶಯ ಪೊರೆಯ ಮೇಲೆ. ಕವಾಟವನ್ನು ಬಿಚ್ಚಿ ಬಾಯಿಂದ ಊದಿದರೆ ಒಂದೇ ದಿಕ್ಕಿಗೆ ಗಾಳಿ ಹೋಗಬೇಕು. ಇವುಗಳಿಗೆ ತೇಪೆಯಿಲ್ಲ, ಕೆಟ್ಟುದನ್ನು ತೆಗೆದು ಹೊಸದನ್ನೇ ಹಾಕತಕ್ಕದ್ದು.

ಸೋರಿಕೆಯೆಲ್ಲ ನಿಂತ ಮೇಲೆ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡಿ, ಕಪ್ಪು ಹೊಗೆಯುಗುಳಿದರೆ ಗಾಬರಿಯಾಗಬೇಕಾಗಿಲ್ಲ. ಕಳ್ಳಗಾಳಿಯನ್ನು ಸರಿದೂಗಿಸುವ ಸಲುವಾಗಿ ಹಿಂದಿನವರು ಕಾರ್ಬ್ಯುರೇಟರಿನ ಸ್ಕ್ರೂಗಳನ್ನು ತಿರುಗಿಸಿ ಪೆಟ್ರೋಲನ್ನು ಹೆಚ್ಚಿಸಿರುತ್ತಾರೆ. ಗಾಳಿ ನಿಂತಿತು, ಪೆಟ್ರೋಲ್ ಮಾತ್ರ ಹಾಗೆಯೇ ಉಳಿಯಿತು. ಆದುದರಿಂದ ಮಸಿ ಹಿಡಿದ ಪ್ಲಗ್ಗುಗಳನ್ನು ಶುಚಿಮಾಡಿ, ಎಂಜಿನ್ನನ್ನು ಚೆನ್ನಾಗಿ ಬಿಸಿಯಾಗಲು ಬಿಟ್ಟು, ಮ್ಯಾನಿಫೋಲ್ಡಿಗೆ ಗೇಜನ್ನು ಜೋಡಿಸಿ, ಮುಳ್ಳು ಎಲ್ಲಕ್ಕಿಂತ ಮೇಲೆ ನಡುಗದೆ ನಿಲ್ಲುವವರೆಗೆ ಮಿಕ್ಸ್‌ಚರ್ ಸ್ಕ್ರೂವನ್ನು ಮೆಲ್ಲಮೆಲ್ಲನೆ ತಿರುಗಿಸಿ, ಬಳಿಕ ಐಡ್ಲಿಂಗನ್ನು ತಯಾರಕರು ಹೇಳಿದ ವೇಗಕ್ಕೆ ಇಳಿಸಬೇಕು. ಗೇಜನ್ನು ತೆಗೆದ ಮೇಲೆ ಅದು ಕುಳಿತಿದ್ದ ನಿಪ್ಪಲ್ಲಿಗೆ ಮುಚ್ಚಳ ಹಾಕುವುದನ್ನು ಮರೆತು ಬಾನೆಟ್ಟನ್ನು ಮುಚ್ಚಿದವರು ಗ್ಯಾರೇಜುಗಳಲ್ಲಿ ಕಡಿಮೆಯೇನಿಲ್ಲ; ಅವರ ಗಾಡಿ ಗೇಟನ್ನು ದಾಟುವ ಮೊದಲೇ ಮತ್ತೆ ನಡುಗತೊಡಗುತ್ತದೆ.